ಪಟ್ಟಿ ಬಿಚ್ಚುವ ದಿನ

ಕೋಟ್ಲಿ ರಾವಲಾಂ, ಸಿಯಾಲಕೋಟ ಜಿಲ್ಲೆ
೨ ಮಾರ್ಚ್ ೧೮೯೭

ಶರೀಫಾಳ ಅಪ್ಪನಿಗೆ ಬಖ್ತಾವರಳ ಸಲಾಮು.

ನೀನು ಕೊಟ್ಟ ಮಾತು ಇಷ್ಟು. ಎರಡು ಚಳಿಗಾಲ ಕಳೆದೊಡನೆ ಆ ಸಮುದ್ರದಾಚೆಯ ದೇಶದಿಂದ ಹಿಂದಿರುಗುತ್ತೇನೆ ಅಂದೆ. ನನ್ನ ಬಲಗಣ್ಣಿನ ಪೊರೆ ಬಲಿತ ಮೇಲೆ ನಿನ್ನ ಕೈಯಿಂದಲೇ ಸೂಜಿ ಹಾಕಿ ಅದನ್ನು ಕೆಳಗಿಳಿಸುತ್ತೇನೆ ಅಂದೆ. ನಮ್ಮ ರಾವಲ ಕುಲದ ಅಪ್ಪಣೆ ಕೇಳುತ್ತೇನೆ, ಕೊಡದಿದ್ದರೆ ಅಪ್ಪಣೆಯಿಲ್ಲದೆ ಹಾಕುತ್ತೇನೆ ಅಂದೆ. ನಿನ್ನ ತಾಯಿಯ ಹಾಗೆ ನನ್ನನ್ನು ಗೋಡೆಗೆ ಕೂರಿಸುವುದಿಲ್ಲ ಅಂದೆ.

ನನಗೆ ಸಿಕ್ಕ ‘ಇಲ್ಲ’ಗಳು ಇಷ್ಟು. ನೀನು ಬರಲಿಲ್ಲ. ರಾವಲರ ಸೂಜಿ ರಾವಲರ ಮನೆಯ ಕಣ್ಣಿಗೆ ಇಲ್ಲ ಎಂದು ಕುಲದ ಯಜಮಾನನಾದ ನಿನ್ನ ಚಾಚಾ ಹಷ್ಮತ್ ಮತ್ತೆ ಹೇಳಿದ. ಬೇರೆ ಮನೆಯ ಗಂಡಸರನ್ನು ಕೇಳಿದೆ, ಒಂದೇ ಊರಿನವರೆಲ್ಲ ಒಂದೇ ಮನೆ ಎಂದು ಅವರೂ ಇಲ್ಲವೆಂದರು. ಸಿಯಾಲಕೋಟದ ಸಾಹೇಬರ ಆಸ್ಪತ್ರೆಗೆ ಹೋಗುತ್ತೇನೆ ಅಂದೆ. ಅದಂತೂ ಇಲ್ಲವೇ ಇಲ್ಲ. ಚಾಚಾ ಅಂಗಳದಲ್ಲಿ ನಿಂತು ಕೂಗಿದ್ದು ನಾಲ್ಕು ಮನೆಗೆ ಕೇಳಿಸಿತು:

“ರಾವಲರ ಸೊಸೆ ಸಾಹೇಬನ ಆಸ್ಪತ್ರೆ ಮೆಟ್ಲು ಹತ್ತಿದ್ರೆ ನಾಳೆ ನಮ್ಮ ಸೂಜಿಗೆ ಯಾವನು ಕಣ್ಣು ಕೊಡ್ತಾನೆ? ಕುಲದ ಮೂಗು ಕುಯ್ಯಕ್ಕೆ ಹೊರಟಿದೀಯೇನೇ?”

“ಚಾಚಾ, ನಿಮಗೆ ಮೂಗಿನ ಚಿಂತೆ, ನನಗೆ ಕಣ್ಣಿಂದು” ಅಂದೆ. ಕೈ ಎತ್ತಿದ. ನಿನ್ನ ತಾಯಿ ಒಳಗಿಂದ ಕೆಮ್ಮಿದಳು. ಇಳಿಸಿದ.

ಇನ್ನೂ ಬಿಸಿಲು ಹಿತವಾಗಿರುವುದರಿಂದ ಮಸೀದಿಯ ಗೋಡೆಗೆ ಒರಗಿ ಕಣ್ಣು ಹೋದ ಹೆಂಗಸರೆಲ್ಲ ಕೂತಿರುತ್ತಾರೆ. ನಿನ್ನ ತಾಯಿ ಬೇಬೇ ಮೊದಲ ಜಾಗದಲ್ಲಿ. ಅವಳ ಪಕ್ಕದಲ್ಲಿ ಜನ್ನತೆ, ಆಮೇಲೆ ಅಕ್ಕತಂಗಿಯರಿಬ್ಬರು. ಊರಿನ ಗಂಡಸರೆಲ್ಲ ಕಾಬೂಲಿನಿಂದ ಬರ್ಮಾದವರೆಗೆ ಪೊರೆ ಇಳಿಸುತ್ತ ಅಲೆಯುತ್ತಾರೆ. ಅವರನ್ನು ಹೆತ್ತವರು ಇಲ್ಲಿ ಗೋಡೆ ತಡವುತ್ತ ಕೂತಿದ್ದಾರೆ. ನಿನ್ನೆ ನಾನು ಹಾದು ಹೋಗುವಾಗ ಜನ್ನತೆ ಹೆಜ್ಜೆಸಪ್ಪಳ ಗುರುತಿಸಿ, “ಬಾರೇ ಬಖ್ತಾವರಿ, ನಿಂಗೂ ಜಾಗ ಇಟ್ಟಿದೀವಿ, ಕೊನೇದು, ಸ್ವಲ್ಪ ತೇವ ಇದೆ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ.

ಬಲಗಣ್ಣು ಈಗ ಪೂರ್ತಿ ಹಾಲು. ಎಡಗಣ್ಣು ಚೆನ್ನಾಗಿದೆ, ಚಿಂತೆ ಮಾಡಬೇಡ. ಆದರೆ ಬಾ.

ಬಖ್ತಾವರ್


ತಾರಂಗ್ ಊರಿನ ಹೊರಗೆ, ವಿಕ್ಟೋರಿಯಾ ಸೀಮೆ, ಆಸ್ಟ್ರೇಲಿಯಾ
೨೦ ಏಪ್ರಿಲ್ ೧೮೯೭

ಬಖ್ತಾವರಳಿಗೆ ಮೀರಾನನ ಸಲಾಮು. ಬೇಬೇಯ ಕಾಲಿಗೆ ನನ್ನ ಹಣೆ.

ನಿನ್ನ ಕಾಗದ ಮೂರು ಊರು ಸುತ್ತಿ ನನ್ನನ್ನು ಹಿಡಿಯಿತು. ಕೋಪ ಮಾಡಿಕೊಳ್ಳಬೇಡ. ಪೊರೆ ಹಾಲಿನ ಬಣ್ಣಕ್ಕೆ ಬಂದ ಮಾತ್ರಕ್ಕೆ ಬಲಿಯಿತು ಎಂದಲ್ಲ. ಎಡಗಣ್ಣು ಚೆನ್ನಾಗಿದೆ ಎಂದು ನೀನೇ ಬರೆದಿದ್ದೀಯ, ಹಾಗಿದ್ದರೆ ಅವಸರವೇನು? ಹಿರಿಯರು ಹಾಕಿದ ಗೆರೆಗೂ ಏನೋ ಕಾರಣವಿರಬೇಕು. ನಾನು ಬಂದ ಮೇಲೆ ಕೂತು ಮಾತಾಡೋಣ.

ಇಲ್ಲಿನ ಸಂಗತಿ. ನಾವು ಮೂವರು ಹೊರಟವರು, ಒಬ್ಬ ಜ್ವರದಲ್ಲಿ ತೀರಿಕೊಂಡ, ನಿನಗೆ ಗೊತ್ತು. ಈಗ ಉಳಿದದ್ದು ನಾನು ಮತ್ತು ಚಾಚಾನ ಮಗ ನಿಜಾಮ. ಅವನು ಬಾಯಿ, ನಾನು ಕೈ. ಅವನು ಮುಂದಿನ ಊರಿಗೆ ಹೋಗಿ ಪತ್ರಿಕೆಯಲ್ಲಿ ಹಾಕಿಸುತ್ತಾನೆ: ಭಾರತದ ರಾಜರ ಕಣ್ಣು ಕಿವಿ ನೋಡಿದ ಹಿಂದೂ ಡಾಕ್ಟರು ಬಂದಿದ್ದಾರೆ. ಐದು ಹೊತ್ತು ನಮಾಜು ಮಾಡುವ ಹಿಂದೂ ನಾನು. ಇಲ್ಲಿಯವರಿಗೆ ಅದೆಲ್ಲ ಒಂದೇ. ಕರಿಯ ಅಂದರೆ ಹಿಂದೂ, ಹಿಂದೂ ಅಂದರೆ ಮಂತ್ರ. ಆದರೆ ಅದೇ ಮಂತ್ರಗಾರನಿಗೆ ವಸತಿಗೃಹದಲ್ಲಿ ಹಾಸಿಗೆ ಕೊಡುವುದಿಲ್ಲ. ಹಗಲು ನನ್ನ ಕೈಗೆ ಕಣ್ಣು ಕೊಟ್ಟ ಮನುಷ್ಯ, ಸಂಜೆ ತನ್ನ ಬಾಗಿಲು ಕೊಡುವುದಿಲ್ಲ. ಗಾಡಿಯ ಕೆಳಗೆ ಮಲಗುತ್ತೇವೆ.

ಕಿವಿಯ ಕೆಲಸವೇ ಹೆಚ್ಚು. ಗೋಧಿ ಹೊಲದ ಧೂಳು ಕಿವಿಯಲ್ಲಿ ಕಲ್ಲಾಗಿ ಕೂತಿರುತ್ತದೆ. ಹೋದ ವಾರ ಒಬ್ಬ ಕುರಿಯ ಸಾಹುಕಾರನ ಕಿವಿಯಿಂದ ಕೊಕ್ಕೆಯಲ್ಲಿ ಇಡೀ ಗೋಧಿಕಾಳು ಎಳೆದೆ. ಅವನು ಬೆಚ್ಚಿ ಸುತ್ತ ನೋಡಿ, “ಅಯ್ಯೋ, ಹೆಂಡ್ತಿ ದನಿ ಕೇಳಿಸ್ತಿದೆ! ಮತ್ತೆ ಮುಚ್ಚಿಬಿಡು ಮಾರಾಯ” ಅಂದ. ನಿಜಾಮ ಅದನ್ನು ಪಂಜಾಬಿಯಲ್ಲಿ ಹೇಳಿದಾಗ ನಾನು ಬಹಳ ದಿನದ ಮೇಲೆ ನಕ್ಕೆ.

ಉಳಿದಂತೆ ಮಾತಿಲ್ಲ. ಇದೊಂದನ್ನು ನಿನಗೆ ಮಾತ್ರ ಬರೆಯುತ್ತೇನೆ. ಸೂಜಿ ಹಿಡಿದಂದಿನಿಂದ ಎಷ್ಟೋ ಜನರಿಗೆ ಬೆಳಕು ತೋರಿಸಿದ್ದೇನೆ. ಪೊರೆ ಕೆಳಗೆ ಬಿದ್ದ ಗಳಿಗೆಯಲ್ಲಿ ಅವರು ಮೊದಲು ನೋಡುವುದು ನನ್ನ ಮುಖ. ಬೆರಳು ಎಣಿಸುತ್ತಾರೆ, ಅಳುತ್ತಾರೆ, ಹರಸುತ್ತಾರೆ. ನಾನು ಅರಿಸಿನ ತುಪ್ಪದ ಪಟ್ಟಿ ಕಟ್ಟಿ, ಹತ್ತು ದಿನ ಬಿಚ್ಚಬೇಡಿ ಎಂದು ಹೇಳಿ, ಮಾರನೆಯ ಬೆಳಿಗ್ಗೆ ಊರು ಬಿಡುತ್ತೇನೆ. ಅಪ್ಪ ಹಾಗೆ ಮಾಡಿದ, ಅಜ್ಜ ಹಾಗೆ ಮಾಡಿದ. ನಾನು ಕಣ್ಣು ಕೊಟ್ಟ ಯಾರೂ ನನ್ನ ಮುಖವನ್ನು ಎರಡನೆಯ ಸಲ ನೋಡಿಲ್ಲ. ಇಷ್ಟು ದೊಡ್ಡ ಬಯಲಿನಲ್ಲಿ ಅದು ಯಾಕೋ ಈಗ ಎದೆಗೆ ಒತ್ತುತ್ತದೆ.

ನಿಜಾಮ ಸಿಟ್ಟಾಗಿ ಮುಂದೆ ಹೋದ. ಈ ಊರಿನಲ್ಲಿ ಹನೋರಾ ಎಂಬ ವಿಧವೆ ಇದ್ದಾಳೆ, ಊರವರ ಬಟ್ಟೆ ಒಗೆಯುತ್ತಾಳೆ. ಅವಳ ಕಣ್ಣಿಗೆ ಸೂಜಿ ಹಾಕಿದೆ. ಅವಳ ಹಿತ್ತಲಿನ ಕೊಟ್ಟಿಗೆಯಲ್ಲಿದ್ದೇನೆ. ಪಟ್ಟಿ ಬಿಚ್ಚುವ ತನಕ ಇಲ್ಲೇ ಉಳಿಯುತ್ತೇನೆ.

ಮೀರಾನ್


ಕೋಟ್ಲಿ ರಾವಲಾಂ
೫ ಜೂನ್ ೧೮೯೭

ಮೀರಾನನಿಗೆ,

ಹೆಸರು ಹಿಡಿದೇ ಬರೆದಿದ್ದೇನೆ. ಮಗಳ ಅಪ್ಪ ಎನ್ನಿಸಿಕೊಳ್ಳುವ ಯೋಗ್ಯತೆ ನಿನಗೆ ಇದೆಯೋ ಇಲ್ಲವೋ ಗೊತ್ತಿಲ್ಲ.

ಪಟ್ಟಿ ಬಿಚ್ಚುವ ತನಕ ಉಳಿಯುತ್ತಾನಂತೆ! ನಮ್ಮ ಊರಿನಲ್ಲಿ ಆ ಮಾತಿಗೆ ಏನರ್ಥ ಎಂದು ಆ ಬಯಲಿನಲ್ಲಿ ಮರೆತೆಯಾ? ಹೆಂಗಸಿಗೆ ಸಿಕ್ಕಿಬೀಳದ ಯಾವ ರಾವಲ ಪಟ್ಟಿ ಬಿಚ್ಚುವ ತನಕ ಉಳಿದಿದ್ದಾನೆ? ಲಾಹೋರಿನಲ್ಲಿ ಎರಡನೆಯ ಮನೆ ಮಾಡಿದವನನ್ನು ಊರು ಇವತ್ತಿಗೂ ‘ಪಟ್ಟಿ ಬಿಚ್ಚಿದವನು’ ಅನ್ನುತ್ತದೆ. ಅದನ್ನು ನೀನು ನನಗೇ ಬರೆದು ಕಳಿಸಿದೆ, ಕುರಿಯ ಸಾಹುಕಾರನ ಕಥೆಯ ಜೊತೆಗೆ, ನಗುನಗುತ್ತ. ನಿಜಾಮ ತನ್ನ ಅಪ್ಪನಿಗೂ ಬರೆದಿದ್ದಾನೆ. ಕೆಲಸ ಬಿಟ್ಟು ಬಿಳಿಯ ಮೇಮಿನ ಹಿತ್ತಲಲ್ಲಿ ಕೂತಿದ್ದಾನೆ ಅಂತ.

ಬಾವಿಯ ಹತ್ತಿರ ಹೆಂಗಸರು, “ಏನೇ ಬಖ್ತಾವರಿ, ನಿನ್ನ ಗಂಡ ಸೋಪಿನ ನೊರೇಲಿ ಜಾರಿ ಬಿದ್ನಂತೆ?” ಅಂದರು. “ಬಿದ್ದವ್ನು ಬೆಳ್ಳಗಾದ್ರೂ ಆಗಿ ಬರ್ಲಿ” ಎಂದೆ. ಕೊಡ ಹೊತ್ತು ನೆಟ್ಟಗೆ ನಡೆದುಬಂದೆ. ಬಾಗಿಲು ದಾಟುವಾಗ ಎಡವಿದೆ, ಕೊಡ ಒಡೆಯಿತು. ಅದು ಬೇರೆ ವಿಷಯ.

ಒಗೆಯುವವಳ ಕಣ್ಣಿಗೆ ಹತ್ತು ದಿನ ಕಾವಲು. ಹೆಂಡತಿಯ ಕಣ್ಣಿಗೆ ‘ಕೂತು ಮಾತಾಡೋಣ’. ಸಾಕು. ನೀನು ಬರಬೇಡ. ನನ್ನ ಕಣ್ಣಿಗೆ ನಾನು ಬೇರೆ ಕೈ ಹುಡುಕುತ್ತೇನೆ.

ಬ.


ಕೋಟ್ಲಿ ರಾವಲಾಂ
೨೧ ಸೆಪ್ಟೆಂಬರ್ ೧೮೯೭

ಶರೀಫಾಳ ಅಪ್ಪನಿಗೆ,

ನಿನ್ನಿಂದ ಉತ್ತರವಿಲ್ಲ. ಕೋಪದಲ್ಲಿ ಬರೆದೆ, ಕೋಪ ಸುಳ್ಳಾಗಿರಲಿಲ್ಲ, ಆದರೂ ನಿನ್ನಿಂದ ಒಂದು ಸಾಲು ಬರುತ್ತದೆ ಎಂದುಕೊಂಡಿದ್ದೆ. ಅಂಚೆಯವನು ಊರ ಬಾಗಿಲಿಗೆ ಬಂದರೆ ಅವನ ಚೀಲದ ಗೆಜ್ಜೆ ನನಗೇ ಮೊದಲು ಕೇಳಿಸುತ್ತದೆ. ಈಚೆಗೆ ನನಗೆ ಕಿವಿ ಬಹಳ ಚುರುಕು.

ನಿಜಾಮನೂ ನಿನ್ನ ಬಗ್ಗೆ ಬರೆಯುತ್ತಿಲ್ಲವಂತೆ. ಕೇಳಿದರೆ ಚಾಚಾ ಬೇರೆ ಕಡೆ ಮುಖ ಮಾಡುತ್ತಾನೆ. ಸತ್ತಿದ್ದಾನೋ ಇದ್ದಾನೋ ಅಷ್ಟಾದರೂ ಹೇಳಿ ಎಂದರೆ, “ಇದ್ದಾನೆ, ಇದ್ದಾನೆ” ಎಂದು ಎದ್ದುಹೋಗುತ್ತಾನೆ.

ಬೇಬೇ ಕೇಳುತ್ತಾಳೆ, “ನನ್ನ ಮಗ ಬರ್ದಿದ್ದು ಓದೇ.” ನಾನು ನಿನ್ನ ಹಳೆಯ ಕಾಗದವನ್ನೇ ಹೊಸದು ಎಂದು ಓದಿಸುತ್ತೇನೆ. ಓದುವುದು ಶರೀಫಾ. ನನ್ನ ಕೈ ಯಾವಾಗಲೂ ಹಿಟ್ಟಿನಲ್ಲಿರುತ್ತದಲ್ಲ, ಅದಕ್ಕೆ. ಗೋಧಿಕಾಳಿನ ಕಥೆ ಬಂದಾಗ ಬೇಬೇ ಪ್ರತಿ ಸಲವೂ ನಗುತ್ತಾಳೆ. ಅವಳಿಗೆ ಅದು ಹಳೆಯದೆಂದು ಗೊತ್ತು. ಅವಳಿಗೆ ಗೊತ್ತೆಂದು ನನಗೂ ಗೊತ್ತು.

ಆ ಹನೋರಾ ಒಳ್ಳೆಯವಳಾ? ನಿನಗೆ ಬಿಸಿಯಾಗಿ ಏನಾದರೂ ಬೇಯಿಸಿ ಹಾಕುತ್ತಾಳಾ? ಅಷ್ಟಾದರೂ ಬರೆ. ಎಡಗಣ್ಣು ಚೆನ್ನಾಗಿದೆ.

ಬಖ್ತಾವರ್


ಮೆಲ್ಬೋರ್ನ್
೯ ನವೆಂಬರ್ ೧೮೯೭

ಬಖ್ತಾವರ್,

ನಿನ್ನ ಎರಡು ಕಾಗದವೂ ಮೊನ್ನೆ ಒಟ್ಟಿಗೆ ಕೈಗೆ ಬಂದವು. ನಾನು ಇದುವರೆಗೆ ಜೈಲಿನಲ್ಲಿದ್ದೆ. ಇನ್ನು ಮುಚ್ಚಿಡುವುದಿಲ್ಲ.

ಹನೋರಾ ನಿನ್ನ ಅತ್ತೆಯ ವಯಸ್ಸಿನವಳು. ಐರ್ಲೆಂಡಿನವಳು, ಗಂಡ ಗಣಿಯಲ್ಲಿ ಹೋದ, ಮಕ್ಕಳು ಎಲ್ಲೋ ಹೋದರು. ಎರಡೂ ಕಣ್ಣಿಗೆ ಪೊರೆ. ಕೈ ಅಂದಾಜಿನಲ್ಲೇ ಊರಿನ ಅಂಗಿಗಳನ್ನು ಒಗೆಯುತ್ತಿದ್ದಳು. ಕಲೆ ಹೋಗುವುದಿಲ್ಲ ಎಂದು ಊರವರು ಬಟ್ಟೆ ಕೊಡುವುದು ನಿಲ್ಲಿಸುತ್ತಿದ್ದರು. ಅವಳಿಗೆ ಅನ್ನದ ಪ್ರಶ್ನೆ. ಒಂದು ಕಣ್ಣಿಗೆ ಸೂಜಿ ಹಾಕಿದೆ. ಪೊರೆ ಇಳಿಯಿತು. ಕೋಳಿ ಕಂಡಳು, ಬೇಲಿ ಕಂಡಳು, ನನ್ನ ಮುಂಡಾಸು ಕಂಡು ನಕ್ಕಳು. ಪಟ್ಟಿ ಕಟ್ಟಿದೆ. ಗಾಡಿ ಹೂಡುವ ಸದ್ದು ಕೇಳಿ ಅವಳು ನನ್ನ ತೋಳು ಹಿಡಿದು ಏನೋ ಹೇಳಿದಳು. ನಿಜಾಮ ಅದನ್ನು ತಿರುಗಿಸಿ ಹೇಳಿದ: “‘ಹೋಗ್ಬೇಡಪ್ಪಾ, ಪಟ್ಟಿ ಬಿಚ್ಚೋವಾಗ ಎದುರಿಗೆ ಒಂದು ಮುಖ ಇರ್ಲಿ, ನಂಗೆ ಬೇರೆ ಯಾರೂ ಇಲ್ಲ’ ಅಂತಾಳೆ. ಮುದುಕಿ ತಲೆ ತಿಂತಾಳೆ, ನಡಿ.” ನಾನು ಗಾಡಿ ಹತ್ತಲಿಲ್ಲ. ನಿನ್ನ ಕಾಗದ ಆಗ ನನ್ನ ಜೇಬಿನಲ್ಲಿತ್ತು. ಅದಕ್ಕೇ ಇರಬೇಕು.

ಮೊದಲು ತಲೆನೋವು ಅಂದಳು. ಆಮೇಲೆ ಜ್ವರ. ಆಮೇಲೆ ಗೋಡೆಗೆ ಹಣೆ ಚಚ್ಚಿಕೊಂಡಳು. ಪಟ್ಟಿಯ ಕೆಳಗೆ ಕೀವು ಇಳಿಯಿತು. ಹತ್ತು ದಿನ ಕಾಯಲಿಲ್ಲ, ಬಿಚ್ಚಿದೆ. ನಟ್ಟ ನಡು ಮಧ್ಯಾಹ್ನ, ಬಾಗಿಲು ಪೂರ್ತಿ ತೆರೆದಿತ್ತು. ಅವಳು ಸುಮ್ಮನೆ ಕೂತು ಮೆಲ್ಲಗೆ ಕೇಳಿದಳು. ಆ ಎರಡು ಮಾತು ನನಗೆ ಅಷ್ಟರಲ್ಲಿ ತಿಳಿಯುತ್ತಿತ್ತು.

“ದೀಪ ಹಚ್ಚಿದೀಯಾ?”

ಬಖ್ತಾವರ್, ನಾನು ನೋಡಿದ್ದು ಕಣ್ಣಲ್ಲ. ಕಣ್ಣಿದ್ದ ಜಾಗ.

ಆ ಊರಿನ ಔಷಧದಂಗಡಿಯ ಕಂಪೌಂಡರನ ದೂರಿನ ಮೇಲೆ ಪೊಲೀಸರು ಬಂದರು. ಮ್ಯಾಜಿಸ್ಟ್ರೇಟರು ಪರವಾನಗಿ ಕೇಳಿದರು. ನಿಜಾಮ ಆಗಲೇ ಎರಡು ಜಿಲ್ಲೆ ದಾಟಿದ್ದ. ಕಟಕಟೆಯಲ್ಲಿ ಹನೋರಾಳನ್ನು ಕೇಳಿದಾಗ ಅವಳು, “ನನ್ನ ಕಣ್ಣು ಹೋಯ್ತು, ನಿಜ. ಇವ್ನಿಗಿಂತ ಮುಂಚೆ ಇಬ್ರು ಬಂದಿದ್ರು, ಇಬ್ರೂ ಬಿಳಿಯರೇ, ಒಬ್ಬ ನಿಮ್ಮ ಥರದ ಕೋಟಿನವ್ನು. ಔಷಧಿ ಕೊಟ್ಟು ಓಡಿಹೋದ್ರು. ಉಳಿದೋನು ಇವ್ನೊಬ್ಬನೇ” ಎಂದಳಂತೆ. ದುಭಾಷಿ ಹೇಳಿದ್ದು. ಮ್ಯಾಜಿಸ್ಟ್ರೇಟರು ನಕ್ಕರಂತೆ. ಉಳಿದವನಾದ್ದರಿಂದಲೇ ಸಿಕ್ಕಿದ್ದು ನಾನು. ಓಡಿದವರು ಇವತ್ತೂ ಪತ್ರಿಕೆಯಲ್ಲಿ ಹೆಸರು ಹಾಕಿಸುತ್ತಿದ್ದಾರೆ. ಆರು ತಿಂಗಳು ಕಲ್ಲು ಒಡೆದೆ.

ಕಲ್ಲು ಒಡೆಯುವಾಗ ಲೆಕ್ಕವಿಲ್ಲದಷ್ಟು ಮುಖಗಳು ನೆನಪಿಗೆ ಬಂದವು. ಹರಸಿದ ಮುಖಗಳು. ಅವರೆಲ್ಲರ ಪಟ್ಟಿಯನ್ನು ಯಾರು ಬಿಚ್ಚಿದರು? ಒಳಗೆ ಏನಿತ್ತು? ಕೆಲವರಿಗೆ ಬೆಳಕು ಉಳಿದಿರುತ್ತದೆ, ಉಳಿದೇ ಇರುತ್ತದೆ. ಯಾರಿಗೆ ಎಂದು ನನಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ಮಾರನೆಯ ಬೆಳಿಗ್ಗೆ ಊರು ಬಿಡುವುದು. ಮನೆಯ ಕಣ್ಣಿಗೆ ಸೂಜಿ ಇಲ್ಲ ಎಂಬ ಗೆರೆ ಧರ್ಮದ್ದಲ್ಲ, ಮರ್ಯಾದೆಯದ್ದೂ ಅಲ್ಲ. ಮನೆಯಲ್ಲಾದರೆ ಪಟ್ಟಿ ಬಿಚ್ಚಬೇಕಾಗುತ್ತದೆ, ಅಷ್ಟೆ. ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೆತ್ತವಳನ್ನು ಗೋಡೆಗೆ ಕೂರಿಸಿದರು, ಪರರ ಹೆತ್ತವಳಿಗೆ ಸೂಜಿ ಹಾಕಿದರು.

ಇನ್ನೊಂದು. ನಿನ್ನ ಸೆಪ್ಟೆಂಬರಿನ ಕಾಗದ ನನ್ನ ಮುಂದಿದೆ. ಮೂರನೆಯ ಸಾಲು ಎರಡನೆಯದರ ಮೇಲೆ ಹತ್ತಿ ಕೂತಿದೆ. ಅಕ್ಷರಗಳು ಅಂಚಿನಾಚೆ ಬಿದ್ದುಹೋಗಿವೆ. ಹಿಟ್ಟಿನ ಕೈಯ ಕಥೆ ಬೇಬೇಗೆ ಹೇಳು. ಎಡಗಣ್ಣು ಹೋಗಿ ಎಷ್ಟು ಕಾಲವಾಯಿತು?

ಆಸ್ಪತ್ರೆಗೆ ಹೋಗು. ಚಾಚಾನನ್ನು ಕೇಳಬೇಡ, ನನ್ನನ್ನೂ ಕೇಳಬೇಡ. ನನ್ನ ಮಾತನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ. ನನ್ನ ಸೂಜಿ ನಿನ್ನ ಕಣ್ಣ ಹತ್ತಿರ ಬರುವುದಿಲ್ಲ, ಯಾರ ಕಣ್ಣ ಹತ್ತಿರವೂ ಬರುವುದಿಲ್ಲ. ಕಿವಿಯ ಕೊಕ್ಕೆ ಒಂದಿದೆ, ಅದರಲ್ಲಿ ಇಲ್ಲೇ ಹೊಟ್ಟೆ ಹೊರೆಯುತ್ತೇನೆ. ಊರಿಗೆ ಬರುವ ಮುಖ ನನಗಿಲ್ಲ.

ಮೀರಾನ್


ಕೋಟ್ಲಿ ರಾವಲಾಂ
೨ ಜನವರಿ ೧೮೯೮

ಶರೀಫಾಳ ಅಪ್ಪನಿಗೆ,

ಈಗ ಸಾಲುಗಳು ನೆಟ್ಟಗಿವೆ ನೋಡು. ಕಣ್ಣು ವಾಸಿಯಾಯಿತು ಎಂದುಕೊಳ್ಳಬೇಡ. ಹಲಗೆಗೆ ಅಡ್ಡಡ್ಡ ದಾರ ಬಿಗಿದಿದ್ದೇನೆ, ದಾರ ತಡವಿ ಬರೆಯುತ್ತಿದ್ದೇನೆ. ಎಡಗಣ್ಣಿಗೆ ಬಾಗಿಲು ಯಾವುದು ಗೋಡೆ ಯಾವುದು ಎಂಬುದಷ್ಟೇ ಕಾಣುತ್ತದೆ. ಅದೂ ಬಿಸಿಲಿದ್ದರೆ. ಕೊಡ ಒಡೆದ ದಿನವೇ ನಿನಗೆ ಬರೆಯಬೇಕಿತ್ತು. ಅವಳ ಹಿತ್ತಲಿನಲ್ಲಿರುವವನಿಗೆ ಇದನ್ನೇಕೆ ಹೇಳಲಿ ಎಂದು ಹಠ ಹಿಡಿದೆ.

ನಿನ್ನ ಕಾಗದವನ್ನು ಶರೀಫಾ ನನಗೆ ಓದಿ ಹೇಳಿದಳು. ಆಮೇಲೆ ನಾನು ಅವಳನ್ನು ಮಸೀದಿಯ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಅವರೆಲ್ಲರ ಮುಂದೆ ಗಟ್ಟಿಯಾಗಿ ಇನ್ನೊಮ್ಮೆ ಓದಿಸಿದೆ. ನಿನ್ನನ್ನು ಕೇಳದೆ ಮಾಡಿದ್ದು. ಕೇಳಬೇಡ ಎಂದು ನೀನೇ ಬರೆದಿದ್ದೆಯಲ್ಲ.

ಓದಿ ಮುಗಿಯಿತು. ಜನ್ನತೆಗೆ ಮೂವರು ಗಂಡುಮಕ್ಕಳು, ಮೂವರೂ ಸೂಜಿಯವರು. ಅವಳು ಮೊದಲು ಬಾಯಿ ತೆರೆದಳು.

“ಅಂದ್ರೆ ನನ್ನ ಮಕ್ಳು ನನ್ನ ಮುಟ್ಟದೇ ಇದ್ದದ್ದು ನನ್ ಮೇಲಿನ ಗೌರವಕ್ಕಲ್ಲ.”

“ಅಲ್ಲ ಕಣೇ,” ಎಂದಳು ಬೇಬೇ. “ಹೆದರಿಕೇಗೆ.”

“ಅಷ್ಟು ಹೆದರಿಕೆ ಇದ್ದೋರು ಬೇರೆಯೋರ ಕಣ್ಣಿಗೆ ಹೆಂಗೆ ಚುಚ್ತಾರೆ?”

“ಬೇರೆಯೋರು ಗೋಡೆ ಹತ್ರ ಕೂತಿರಲ್ವಲ್ಲ, ಅದಕ್ಕೆ.”

ಅಷ್ಟರಲ್ಲಿ ಚಾಚಾ ಬಂದ. ಯಾರೋ ಓಡಿಹೋಗಿ ಹೇಳಿದ್ದರು. ಕಾಗದ ಕಿತ್ತುಕೊಳ್ಳಲು ಬಂದ. ಅಕ್ಕತಂಗಿಯರು ಶರೀಫಾಳನ್ನು ಮಧ್ಯಕ್ಕೆ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದರು. ಕುಲದಿಂದ ತೆಗೆಯುತ್ತೇನೆ ಅಂದ. ಶರೀಫಾಳನ್ನು ಯಾರು ಮದುವೆಯಾಗುತ್ತಾರೆ ನೋಡುತ್ತೇನೆ ಅಂದ. ಸತ್ತರೆ ಮಣ್ಣಿಗೆ ಹೆಗಲು ಕೊಡುವುದಿಲ್ಲ ಅಂದ. ಬೇಬೇ ಅವನ ದನಿ ಬಂದ ಕಡೆ ಮುಖ ಎತ್ತಿ, “ಹಷ್ಮತ್, ನೀನು ತೊಟ್ಟಿಲಲ್ಲಿದ್ದಾಗ ನಿನ್ನ ಕಣ್ಣಿನ ಪಿಸುರು ಒರೆಸಿದ್ದು ಈ ಬೆರಳು. ಈಗ ದಾರಿ ಬಿಡು, ನಾವು ಹೋಗ್ಬೇಕು” ಎಂದಳು. “ಎಲ್ಲಿಗೆ?” ಎಂದ. “ಎಲ್ಲಿಗೆ ಹೋಗ್ಬೇಡ ಅಂತೀಯೋ ಅಲ್ಲಿಗೆ.”

ಮಾರನೆಯ ದಿನ ಹೊರಟೆವು. ಬೆಳಕಿನಲ್ಲೇ, ಸಂತೆಯ ಬೀದಿಯಲ್ಲೇ. ಮುಂದೆ ಶರೀಫಾ, ಅವಳ ಹೆಗಲ ಮೇಲೆ ನನ್ನ ಕೈ, ನನ್ನ ಹೆಗಲ ಮೇಲೆ ಬೇಬೇಯದು, ಹೀಗೆ ಸಾಲಾಗಿ. ಗಂಡಸರು ಬಾಗಿಲು ಮುಚ್ಚಿಕೊಂಡರು. ಸಿಯಾಲಕೋಟ ಮುಟ್ಟಿದಾಗ ಅಲ್ಲಿನ ಅಂಗಡಿಯವರು ಎದ್ದು ನಿಂತರು. ಯಾರೋ ಕೇಳಿದರು, “ಎಲ್ಲಿಯವ್ರಮ್ಮಾ?” ಜನ್ನತೆ ಗಂಟಲು ಬಿಚ್ಚಿ ಕೂಗಿದಳು, “ಕಣ್ಣಿನ ವೈದ್ಯರ ಊರಿನವ್ರು!”

ಆಸ್ಪತ್ರೆಯೂ ಸ್ವರ್ಗವಲ್ಲ. ನಮ್ಮನ್ನು ಮಧ್ಯಾಹ್ನದವರೆಗೆ ಅಂಗಳದಲ್ಲಿ ಕೂರಿಸಿದರು. ಬಾಗಿಲವನು ದನ ಅಟ್ಟುವಂತೆ ಹೆಸರು ಕೂಗಿದ. ಡಾಕ್ಟರಮ್ಮ ಬಿಳಿಯವಳು, ಪಂಜಾಬಿ ಬರುತ್ತದೆ. ರಾವಲರ ಊರು ಎಂದ ಕೂಡಲೆ ಅವಳ ದನಿ ಬದಲಾಯಿತು. ಕಾಗದ ಪೆನ್ನು ತರಿಸಿದಳು.

“ಸೂಜಿಯವರು ನಿಮ್ಮ ಕಣ್ಣು ಹಾಳು ಮಾಡಿದ್ರು ಅಂತ ಹೇಳಿ. ಸರ್ಕಾರಕ್ಕೆ ಕಳಿಸ್ತೀನಿ. ಇವರನ್ನ ಹಿಡಿದು ಒಳಗೆ ಹಾಕ್ಬೇಕು.”

“ಅಮ್ಮಾ, ನಮ್ಮ ಕಣ್ಣನ್ನ ಯಾರೂ ಹಾಳು ಮಾಡಿಲ್ಲ,” ಎಂದೆ. “ಯಾರೂ ಮುಟ್ಟೇ ಇಲ್ಲ. ಅದನ್ನ ಬರ್ಕೊಳ್ಳಿ. ಇನ್ನೂ ಒಂದು ಬರ್ಕೊಳ್ಳಿ. ಸೂಜಿಯವ್ನು ನಡ್ಕೊಂಡು ಹೋಗೋ ಊರುಗಳಿಗೆ ನಿಮ್ಮ ಸರ್ಕಾರದ ಒಬ್ಬ ಡಾಕ್ಟರಾದ್ರೂ ಹೋಗ್ತಾನಾ? ನಮ್ಮವ್ರು ಓಡಿಹೋಗ್ತಾರೆ, ನಿಜ. ನಿಮ್ಮವ್ರು ಬರೋದೇ ಇಲ್ಲ.”

ಅವಳು ಪೆನ್ನು ಕೆಳಗಿಟ್ಟಳು. “ಬಾ, ತಲೆ ಎತ್ತು” ಎಂದಳು. ಅವಳ ಬೆರಳು ತಣ್ಣಗಿತ್ತು. ಒಳ್ಳೆಯ ಬೆರಳು, ನಿನ್ನ ಬೆರಳಿನ ಹಾಗೆಯೇ ನಡುಗದ ಬೆರಳು.

ನನ್ನ ಬಲಗಣ್ಣಿನ ಪೊರೆ ಬಲಿತಿದೆಯಂತೆ. ತಳಕ್ಕೆ ತಳ್ಳುವುದಿಲ್ಲವಂತೆ, ಕೊಯ್ದು ಹೊರಗೆ ತೆಗೆಯುತ್ತಾರಂತೆ. ಚಳಿ ಕಳೆದ ಮೇಲೆ ಬಾ ಎಂದಿದ್ದಾಳೆ. ಜನ್ನತೆಗೂ ಹಾಗೆಯೇ. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಆಗಬಹುದು ಅಂದಳು. ಬೇಬೇಯ ಕಣ್ಣಿನಲ್ಲಿ ಪೊರೆಯಲ್ಲ, ಒಳಗಿನ ನರವೇ ಒಣಗಿದೆ, ಏನೂ ಮಾಡಲು ಬಾರದು ಅಂದಳು. ಬೇಬೇ ತಲೆಯಾಡಿಸಿ, “ಸರಿ ಬಿಡು ತಾಯಿ. ಯಾರಾದ್ರೂ ಗೋಡೆ ಕಾಯ್ಬೇಕಲ್ಲ” ಎಂದಳು. ದಾರಿಯುದ್ದಕ್ಕೂ ನನ್ನ ಹೆಗಲನ್ನು ಅವಳು ಬಿಗಿಯಾಗಿ ಹಿಡಿದಿದ್ದಳು.

ನೀನು ಬರೆದದ್ದು ಒಳ್ಳೆಯದಾಯಿತು. ಆದರೆ ಆಸ್ಪತ್ರೆಗೆ ಹೋಗು ಎಂದು ಬರೆದು, ಊರಿಗೆ ಬರುವ ಮುಖವಿಲ್ಲ ಎಂದು ಅಲ್ಲೇ ಕೂತುಬಿಡುವುದೂ ಮಾರನೆಯ ಬೆಳಿಗ್ಗೆ ಗಾಡಿ ಹೂಡಿದ ಹಾಗೆಯೇ. ಅದನ್ನು ಯೋಚಿಸು.

ಬಖ್ತಾವರ್


ಮೆಲ್ಬೋರ್ನ್
೧೨ ಫೆಬ್ರವರಿ ೧೮೯೮

ಬಖ್ತಾವರ್,

ನಿನ್ನ ಕಾಗದವನ್ನು ಗಾಡಿಯ ಕೆಳಗೆ ಮಲಗಿ ಮತ್ತೆ ಮತ್ತೆ ಓದಿದೆ. ಎಲ್ಲರೂ ಸಾಲಾಗಿ ಹೋದದ್ದನ್ನು ಕಣ್ಣಿಗೆ ತಂದುಕೊಳ್ಳಲು ನೋಡುತ್ತೇನೆ. ಬೇಬೇಯ ಕೈ ಕಂಡಾಗ ಮುಂದಕ್ಕೆ ಹೋಗಲಾಗುವುದಿಲ್ಲ.

ಬರುತ್ತೇನೆ. ಇಲ್ಲಿಂದ ಕಲ್ಕತ್ತೆಯ ಪಲ್ಟನ್ನಿಗೆ ಕುದುರೆ ಸಾಗಿಸುವ ಹಡಗಿನಲ್ಲಿ ಕುದುರೆಗಳಿಗೆ ನೀರು ಮೇವು ಹಾಕುವ ಕೆಲಸ ಹಿಡಿದಿದ್ದೇನೆ. ಮಾರ್ಚ್ ಹತ್ತಕ್ಕೆ ಹೊರಡುತ್ತದೆ, ಏಪ್ರಿಲಿನ ಎರಡನೆಯ ವಾರ ಮುಟ್ಟುತ್ತದೆ ಎನ್ನುತ್ತಾರೆ. ಕಲ್ಕತ್ತೆಯಲ್ಲಿ ಪಂಜಾಬಿಗಳು ಇಳಿದುಕೊಳ್ಳುವ ಛತ್ರದ ವಿಳಾಸ ಜೊತೆಯ ಚೀಟಿಯಲ್ಲಿದೆ, ಉತ್ತರವನ್ನು ಅಲ್ಲಿಗೆ ಹಾಕು.

ಹೋಗುವ ಮೊದಲು ತಾರಂಗಿಗೆ ಹೋಗಿಬಂದೆ. ಹನೋರಾಳ ಹಿತ್ತಲಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿ ಹಾಗೆಯೇ ಇದೆ. ಪಕ್ಕದ ಮನೆಯವರು ಅವಳನ್ನು ಯಾವುದೋ ಅನಾಥಾಲಯಕ್ಕೆ ಕಳಿಸಿದರಂತೆ. ಎಲ್ಲಿ ಎಂದರೆ ಕೈ ಬೀಸಿ ದಿಕ್ಕು ತೋರಿಸಿದರು. ಆ ದಿಕ್ಕಿನಲ್ಲಿ ಬಯಲು ಮಾತ್ರ ಇತ್ತು. ಸೂಜಿಗಳನ್ನು ಅವಳ ತೊಟ್ಟಿಯ ಪಕ್ಕ ಹೂತುಬಂದೆ. ಕೊಕ್ಕೆ ಇಟ್ಟುಕೊಂಡಿದ್ದೇನೆ. ಕಿವಿಗೆ ಪಟ್ಟಿ ಕಟ್ಟುವುದಿಲ್ಲ, ಓಡಿಹೋಗಬೇಕಾಗಿಲ್ಲ.

ಒಂದು ಮಾತು ಕೇಳುತ್ತೇನೆ, ಬೈಯಬೇಡ. ನಿನ್ನ ಕಣ್ಣಿನ ಕೆಲಸ ಮುಗಿದು, ಪಟ್ಟಿ ಬಿಚ್ಚಿ, ಏನಾಯಿತೆಂದು ತಿಳಿದ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಲಾಹೋರಿನಲ್ಲಿ ಇರುತ್ತೇನೆ. ಒಂದು ಪಟ್ಟಿ ಬಿಚ್ಚಿದ್ದೇನೆ. ಇನ್ನೊಂದನ್ನು ನೋಡುವ ಧೈರ್ಯ ನನಗಿಲ್ಲ. ನಿನ್ನ ಬಾಯಿಂದ ‘ದೀಪ ಹಚ್ಚಿದೀಯಾ’ ಎಂದು ಕೇಳಿದರೆ ನಾನು ಉಳಿಯುವುದಿಲ್ಲ.

ಮೀರಾನ್


ಕೋಟ್ಲಿ ರಾವಲಾಂ
೨೦ ಮಾರ್ಚ್ ೧೮೯೮

ಕಲ್ಕತ್ತೆಯ ಛತ್ರದಲ್ಲಿ ಇಳಿದುಕೊಂಡಿರುವ ಶರೀಫಾಳ ಅಪ್ಪನಿಗೆ,

ಇಲ್ಲ.

ಅಪ್ಪ ಅಜ್ಜಂದಿರು ಪಟ್ಟಿ ಬಿಚ್ಚುವ ಮೊದಲು ಹೋದರು. ನೀನು ಪಟ್ಟಿ ಬಿಚ್ಚಿದ ಮೇಲೆ ಬರುತ್ತೀಯಂತೆ. ಎರಡಕ್ಕೂ ನಡುವೆ ಎಷ್ಟು ದೂರ ಎಂದು ನಾನು ಹಲಗೆಯ ದಾರ ತಡವುತ್ತ ಯೋಚಿಸಿದೆ. ದೂರವೇ ಇಲ್ಲ. ಎರಡರಲ್ಲೂ ಪಟ್ಟಿಯ ಒಳಗೆ ಹೆಂಗಸು ಒಬ್ಬಳೇ ಕೂತಿರುತ್ತಾಳೆ.

ನೀನು ಉಳಿಯುವುದಿಲ್ಲವಂತೆ. ಹನೋರಾ ಉಳಿದಳಲ್ಲ? ಬೇಬೇ ಉಳಿದಿದ್ದಾಳಲ್ಲ? ಕಣ್ಣು ಹೋದವರೆಲ್ಲ ಉಳಿದಿರುವಾಗ ನೋಡಿದವನಿಗೆ ಏನು ಬಂತು?

ನಾನೂ ಹೆದರಿದ್ದೇನೆ. ಡಾಕ್ಟರಮ್ಮ ದೇವರಲ್ಲ, ಅವಳೇ ಹೇಳಿದ್ದಾಳೆ. ಆಗದೆಯೂ ಹೋಗಬಹುದು, ಕೈ ಹಿಡಿದು ಹೇಳಿದಳು. ಕೊಯ್ದ ಮೇಲೆ ಮರಳಿನ ಚೀಲಗಳ ನಡುವೆ ತಲೆ ಇಟ್ಟು ಮಲಗಿಸುತ್ತಾರಂತೆ, ಕೆಮ್ಮುವ ಹಾಗಿಲ್ಲ, ಅಳುವ ಹಾಗಿಲ್ಲ. ನೀನಿಲ್ಲದ ವರ್ಷಗಳಲ್ಲಿ ಅಳದೆ ಮಲಗುವುದನ್ನು ಕಲಿತಿದ್ದೇನೆ, ಅದು ಕಷ್ಟವಾಗಲಾರದು. ಕೊನೆಯ ಗಳಿಗೆಯೊಂದೇ ಕಷ್ಟ. ಬೆಳಕು ಬಂದರೆ ಮೊದಲು ಕಾಣುವುದು ಏನಿರಬೇಕು ಎಂದು ನಾನು ಆರಿಸಿಕೊಂಡಿದ್ದೇನೆ. ಬಾರದಿದ್ದರೆ ದೀಪದ ಮಾತು ಕೇಳುವುದಿಲ್ಲ, ಆಣೆ. ಕೈ ಚಾಚುತ್ತೇನೆ. ಅಲ್ಲಿ ಕೈ ಇರಬೇಕು.

ಚಾಚಾ ನಮ್ಮನ್ನು ಕುಲದಿಂದ ತೆಗೆದಾಯಿತು. ಬಾವಿಯ ಹಗ್ಗ ಮುಟ್ಟಬಾರದು ಅಂದಿದ್ದಾನೆ. ಜನ್ನತೆ ತನ್ನ ಹಗ್ಗ ತಂದು ನಮಗೆ ಕೊಟ್ಟಳು, ಅವಳನ್ನೂ ತೆಗೆದ. ಹೀಗೇ ಹೋದರೆ ಕುಲದಲ್ಲಿ ಅವನೊಬ್ಬನೇ ಉಳಿಯುತ್ತಾನೆ. ನಿನ್ನ ಹೆಸರನ್ನೂ ತೆಗೆದಿದ್ದಾನೆ. ಆದ್ದರಿಂದ ನೀನು ಮುಖ ತೋರಿಸಬೇಕಾದ ಊರು ಈಗ ಇಲ್ಲ. ಗೋಡೆ ಇದೆ, ಬೇಬೇ ಇದ್ದಾಳೆ, ನಾನಿದ್ದೇನೆ.

ಊರಿಗೆ ಬರಬೇಡ. ಕಲ್ಕತ್ತೆಯಿಂದ ರೈಲು ಹತ್ತು, ಲಾಹೋರಿನಲ್ಲಿ ಇಳಿದು ಕೂರಬೇಡ, ವಜೀರಾಬಾದಿನಲ್ಲಿ ಬದಲಿಸಿ ನೇರ ಸಿಯಾಲಕೋಟಕ್ಕೆ ಬಾ. ಆಸ್ಪತ್ರೆಯ ಹೆಂಗಸರ ವಾರ್ಡಿನ ಹೊರಗೆ ಉದ್ದನೆಯ ಜಗಲಿ ಇದೆ. ಬೇಬೇ ಅಲ್ಲಿರುತ್ತಾಳೆ, ಅವಳ ಮುಂದೆ ಹೋಗಿ ಕೆಮ್ಮು, ಗುರುತು ಹಿಡಿಯುತ್ತಾಳೆ. ಅವಳ ಕೈ ಹಿಡಿದು ಒಳಗೆ ಬಾ. ಗಂಡಸರನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲವನು ಕೂಗುತ್ತಾನೆ. ಡಾಕ್ಟರಮ್ಮನಿಗೆ ಹೇಳಿದ್ದೇನೆ. “ನಿನ್ನ ಗಂಡ ಸೂಜಿಯವನಾ? ಬರ್ತಾನಾ?” ಎಂದು ಎರಡು ಸಲ ಕೇಳಿದಳು. ಬರುತ್ತಾನೆ ಎಂದಿದ್ದೇನೆ. ಅವಳು ನಂಬಲಿಲ್ಲ.

ಏಪ್ರಿಲ್ ಹನ್ನೊಂದು, ಸೋಮವಾರ, ಕಣ್ಣು ಕೊಯ್ಯುತ್ತಾರೆ. ಅದಕ್ಕೆ ನೀನು ಬೇಡ. ಏಪ್ರಿಲ್ ಇಪ್ಪತ್ತೊಂದು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಪಟ್ಟಿ ಬಿಚ್ಚುತ್ತಾರೆ. ನನ್ನ ಎದುರಿಗೆ ಕೂತಿರು.

ಬಖ್ತಾವರ್